ಬಿಟ್ಟ ಆಸನ, ಹಿಡಿದ ಸೊಂಟ

ಯೋಗದ ಕ್ಲಾಸು ಬಿಡುವುದು ಬಲು ಸಲೀಸು. ಯಾರನ್ನೂ ಕೇಳಬೇಕಿಲ್ಲ, ಅರ್ಜಿ ಗುಜರಾಯಿಸಬೇಕಿಲ್ಲ. ಒಂದು ದಿನ ನೆಗಡಿ, ಮಾರನೇ ದಿನ ನೆಂಟರು, ಅದರ ಮಾರನೇ ದಿನ ಮಳೆ. ಅಷ್ಟರಲ್ಲಿ ಪಕ್ಷ ಬಂತು, ದಸರಾ ಬಂತು, ಬೊಂಬೆ ಕೂರಿಸಿದ್ದಾಯಿತು, ಎತ್ತಿಟ್ಟಿದ್ದೂ ಆಯಿತು. ಕಷ್ಟವಿರುವುದು ಮತ್ತೆ ಹೋಗುವುದರಲ್ಲಿ. ಹೊಸದಾಗಿ ಸೇರಿದವರಿಗೆ ಏನೂ ಬಾರದಿದ್ದರೂ ಮಾಫಿ. ತಿರುಗಿ ಬಂದವರಿಗೆ ಆ ರಿಯಾಯಿತಿ ಇಲ್ಲ. ‘ನಿಮಗೆ ಬರ್ತಿತ್ತಲ್ಲ ಸಾರ್!’ ಎಂದುಬಿಡುತ್ತಾರೆ.

ಅದರಲ್ಲೂ ಮೈಸೂರಿನಲ್ಲಿದ್ದು ಯೋಗ ಬಿಟ್ಟವನಿಗೆ ತಲೆ ಮರೆಸಿಕೊಳ್ಳಲು ಜಾಗವಿಲ್ಲ. ಜಗನ್ಮೋಹನ ಅರಮನೆಯ ಮುಂದೆ ಹಾದರೆ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಲ್ಲಿ ಕೃಷ್ಣಮಾಚಾರ್ಯರಿಗೆ ಯೋಗಶಾಲೆ ನಡೆಸಲು ಜಾಗ ಕೊಟ್ಟದ್ದು ನೆನಪಾಗಿ ಚುಚ್ಚುತ್ತದೆ. ಗೋಕುಲಂ ಕಡೆ ತಿರುಗಿದರೆ, ಪಟ್ಟಾಭಿ ಜೋಯಿಸರ ಅಷ್ಟಾಂಗ ಕಲಿಯಲು ಬಂದ ಪರದೇಶದವರು ಮ್ಯಾಟನ್ನು ಬೆನ್ನಿಗೇರಿಸಿಕೊಂಡು ಸ್ಕೂಟರಿನಲ್ಲಿ ಹೋಗುತ್ತಿರುತ್ತಾರೆ. ಅವರು ಸಮುದ್ರ ದಾಟಿ ಬಂದಿದ್ದಾರೆ. ನನಗೆ ಎರಡು ಅಡ್ಡರಸ್ತೆ ದಾಟುವುದಾಗಿರಲಿಲ್ಲ.

ಕೊನೆಗೆ ಸೊಂಟ ಹಿಡಿದುಕೊಂಡು, ಡಾಕ್ಟರೂ ‘ಯೋಗ ಮಾಡ್ತಿದ್ರಲ್ಲ?’ ಎಂದ ಮೇಲೆ ಮ್ಯಾಟು ಹುಡುಕಿದೆ. ಬೀರುವಿನ ಮೇಲಿಲ್ಲ, ಅಟ್ಟದಲ್ಲಿಲ್ಲ. ‘ಅದು ವಾಷಿಂಗ್ ಮಷೀನಿನ ಕೆಳಗಿದೆ ರೀ, ತುಂಬಾ ಕುಣಿಯುತ್ತೆ ಅಂತ ಹಾಸಿದ್ದೀನಿ’ ಎಂದಳು ಹೆಂಡತಿ. ‘ಈಗ ಎಳೆದರೆ ಹಾಲಿಗೇ ಬಂದುಬಿಡುತ್ತೆ, ನೋಡಿ.’ ನಮ್ಮ ಮನೆಯಲ್ಲಿ ಆ ಮ್ಯಾಟಿನ ಮೇಲೆ ತಪ್ಪದೆ ಬೆವರು ಹರಿಸುತ್ತಿದ್ದದ್ದು ಆ ಮಷೀನೊಂದೇ. ಅದರ ಸಾಧನೆಗೆ ಭಂಗ ತರುವುದು ಬೇಡವೆಂದು ಜಮಖಾನ ಮಡಿಸಿ ಬಗಲಿಗೆ ಇಟ್ಟುಕೊಂಡು ಹೊರಟೆ.

ಕ್ಲಾಸು ನಡೆಯುವುದು ಬಡಾವಣೆಯ ಗಣಪತಿ ದೇವಸ್ಥಾನದ ಮೇಲಿನ ಹಾಲಿನಲ್ಲಿ, ಬೆಳಿಗ್ಗೆ ಆರಕ್ಕೆ. ಅಲ್ಲಿ ಯಾರ ಜಾಗವೂ ರಿಜಿಸ್ಟರ್ ಆಗಿಲ್ಲ, ಆದರೂ ಎಲ್ಲರಿಗೂ ಅವರವರ ಜಾಗವಿದೆ. ಕಂಬದ ಹಿಂದೆ, ಮೇಷ್ಟ್ರ ಕಣ್ಣು ಬೀಳದ ನನ್ನ ಮೂಲೆ ಈಗ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರ ವಶದಲ್ಲಿತ್ತು. ಕಾಯಂ ಠೇವಣಿ ಇಟ್ಟವರ ಗತ್ತಿನಲ್ಲಿ ಪದ್ಮಾಸನ ಹಾಕಿ ಕೂತಿದ್ದರು. ಉಳಿದದ್ದು ಮುಂದಿನ ಸಾಲು. ಮುಂದಿನ ಸಾಲೆಂದರೆ ಹಿಂದಿನವರೆಲ್ಲ ನೋಡಿ ಕಲಿಯುವ ಜಾಗ!

‘ಏನ್ ಸಾರ್, ಕಾಣಲೇ ಇಲ್ಲ?’ ಎಂದು ಸುತ್ತಲಿನವರು ಶುರುಮಾಡಿದರು. ಉತ್ತರ ಹೊಂದಿಸಿಕೊಂಡೇ ಬಂದಿದ್ದೆ. ಆದರೆ ಮೇಷ್ಟ್ರು ಪತಂಜಲಿಯನ್ನು ಓದಿಕೊಂಡವರು. ಯೋಗಕ್ಕೆ ಅಡ್ಡ ಬರುವ ಒಂಬತ್ತು ಅಂತರಾಯಗಳನ್ನು ಆ ಮಹಾನುಭಾವ ಯಾವತ್ತೋ ಪಟ್ಟಿ ಮಾಡಿಟ್ಟಿದ್ದಾನೆ. ಮೊದಲನೆಯದು ವ್ಯಾಧಿ, ನೆಗಡಿಯೂ ಸೊಂಟವೂ ಅಲ್ಲಿಗೆ ಜಮಾ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎನ್ನುವುದು ಸಂಶಯ. ಆಲಸ್ಯಕ್ಕೆ ಐದನೆಯ ಸ್ಥಾನ ಕೊಟ್ಟಿದ್ದಾನೆ, ಅದು ಸ್ವಲ್ಪ ಅನ್ಯಾಯವೇ. ದಿನಾ ಹಾಲು ತರಲು ನಡೆಯುತ್ತೇನಲ್ಲ, ಅದೇ ವ್ಯಾಯಾಮ ಎಂದುಕೊಳ್ಳುವುದನ್ನು ಭ್ರಾಂತಿದರ್ಶನದ ಖಾತೆಗೆ ಹಾಕಬಹುದು. ಕೊನೆಯದು ಅನವಸ್ಥಿತತ್ವ, ಹತ್ತಿದ ಮೆಟ್ಟಿಲಲ್ಲಿ ನಿಲ್ಲದೆ ಜಾರುವುದು; ಅದು ನನ್ನಂಥವರಿಗೆಂದೇ ಕಾದಿರಿಸಿದ್ದು. ಹೊಸ ನೆಪವೊಂದನ್ನು ಹೇಳೋಣವೆಂದರೆ ಆತ ಸಂದು ಬಿಟ್ಟಿಲ್ಲ. ‘ಊರಲ್ಲಿರಲಿಲ್ಲ’ ಎಂದು ಗೊಣಗಿ ಕೂತೆ.

ಪಶ್ಚಿಮೋತ್ತಾನಾಸನ ಬಂತು. ಕಾಲು ಚಾಚಿ, ಉಸಿರು ಬಿಡುತ್ತಾ ಬಾಗಿದೆ. ಕೈ ಮೊಣಕಾಲು ದಾಟಿ ಮೀನಖಂಡದ ಹತ್ತಿರ ನಿಂತಿತು. ಕಾಲ್ಬೆರಳು ಜಗಳವಾಡಿಕೊಂಡ ದಾಯಾದಿಯ ಹಾಗೆ ಆಚೆ ಮುಖ ಮಾಡಿತ್ತು. ಇನ್ನೊಂದು ಗೇಣು ಮುಂದೆ ಹೋಗೋಣವೆಂದರೆ ತೊಡೆಯ ಹಿಂದಿನ ನರ ಚಳಕ್ಕೆಂದಿತು, ಹೊಟ್ಟೆ ನಡುವೆ ಅಡ್ಡ ನಿಂತಿತು. ಮೇಷ್ಟ್ರು ಏನೂ ಹೇಳಲಿಲ್ಲ. ಒಂದು ಬೆಲ್ಟು ತಂದು ಅಂಗಾಲಿಗೆ ಸಿಕ್ಕಿಸಿ, ಎರಡು ತುದಿಯನ್ನೂ ನನ್ನ ಕೈಗಿತ್ತು ಮುಂದೆ ಹೋದರು.

ಈ ಬೆಲ್ಟು, ಮರದ ಇಟ್ಟಿಗೆ, ಮಡಿಸಿದ ಕಂಬಳಿಗಳನ್ನು ಯೋಗದ ಕೋಣೆಗಳಿಗೆಲ್ಲ ಹಬ್ಬಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮಲೇರಿಯಾ, ಟೈಫಾಯ್ಡು, ಕ್ಷಯ ಎಂದು ಬಾಲ್ಯವೆಲ್ಲ ನರಳಿ, ಮೈಸೂರಿಗೆ ಭಾವ ಕೃಷ್ಣಮಾಚಾರ್ಯರ ಹತ್ತಿರ ಬಂದ ಹುಡುಗ. ಬಗ್ಗದ ಮೈ ಎಂದರೆ ಏನೆಂದು ಉಂಡು ತಿಳಿದವರಿಗೇ ಇಂಥ ಉಪಾಯ ಹೊಳೆದೀತು. ಹುಟ್ಟಾ ಬಾಗುವವರಿಗೆ ಬೆಲ್ಟಿನ ಯೋಚನೆ ಯಾಕೆ ಬರಬೇಕು? ಆ ತುದಿಗಳನ್ನು ಹಿಡಿದೆಳೆದಾಗ ಬೆನ್ನು ಅಷ್ಟಿಷ್ಟು ನೀಳವಾಗಿ, ಸೊಂಟದೊಳಗೆ ಏನೋ ಸಡಿಲವಾಯಿತು.

ಶವಾಸನದ ಹೊತ್ತಿಗೆ, ಮೇಷ್ಟ್ರು ‘ಪಾದಗಳನ್ನು ಗಮನಿಸಿ’ ಎನ್ನುವಷ್ಟರಲ್ಲಿ ಕಂಬದ ಹಿಂದಿನಿಂದ ಗೊರಕೆ ಕೇಳಿಸಿತು. ಆ ಮೂಲೆಯ ಗುಣವೇ ಅದು.

ಕ್ಲಾಸು ಮುಗಿದ ಮೇಲೆ ಎಲ್ಲರೂ ರೂಢಿಯಂತೆ ಎದುರಿನ ಹೋಟೆಲಿಗೆ ಇಳಿದೆವು. ಖಾಲಿ ದೋಸೆ, ಸಾಗು, ಬೈ-ಟು ಕಾಫಿ. ಪತಂಜಲಿ ಇದನ್ನೂ ಅವಿರತಿ ಎಂದು ಪಟ್ಟಿಯಲ್ಲಿ ಹಾಕಿದ್ದಾನೆ, ಇರಲಿ. ಮೇಷ್ಟ್ರು ಕಾಫಿ ಮುಗಿಸಿ, ‘ಬರೋ ರಥಸಪ್ತಮಿಗೆ ಎಲ್ಲರೂ ಸೇರಿ 108 ಸೂರ್ಯನಮಸ್ಕಾರ. ಬೆಳಿಗ್ಗೆ ಐದಕ್ಕೇ ಬರಬೇಕು’ ಎಂದರು. ಟೇಬಲ್ಲು ಗಕ್ಕನೆ ತಣ್ಣಗಾಯಿತು. ಬ್ಯಾಂಕಿನವರಿಗೆ ಅವತ್ತು ತುಮಕೂರಲ್ಲಿ ಗೃಹಪ್ರವೇಶವಂತೆ. ಪಕ್ಕದ ಅಕ್ಕನಿಗೆ ನಾದಿನಿಯ ಮಗಳ ನಿಶ್ಚಿತಾರ್ಥ. ಮೇಷ್ಟ್ರು ನನ್ನ ಕಡೆ ತಿರುಗಿದರು.

‘ನಮ್ಮ ಕಡೆ ಒಂದು ಉಪನಯನ ಇದೆ ಸಾರ್.’

‘ಯಾರದ್ದು?’

‘ಮನೆಗೆ ಹೋಗಿ ಕೇಳಬೇಕು.’