ಬುರುಡೆಗೂ ಗೋತ್ರ ಬೇಕು

ದುಬೈಗೆ ಬಂದ ಕನ್ನಡಿಗನ ಏಳಿಗೆಗೆ ಒಂದು ಗೊತ್ತಾದ ದಾರಿಯಿದೆ. ಮೊದಲು ಸತ್ವಾದಲ್ಲೋ ಕರಾಮಾದಲ್ಲೋ ಬೆಡ್‌ಸ್ಪೇಸು, ಆಮೇಲೆ ಶೇರಿಂಗು, ಮದುವೆಯಾದ ಮೇಲೆ ಒಂದು ಬೆಡ್‌ರೂಮಿನ ಫ್ಲ್ಯಾಟು, ಮಕ್ಕಳು ಶಾಲೆಗೆ ಸೇರಿದ ಮೇಲೆ ಮಿರ್ದಿಫ್‌ನಲ್ಲಿ ವಿಲ್ಲಾ. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ವಿಲ್ಲಾದ ಹಾಲ್ ದೊಡ್ಡದು, ಸಂಜೆ ಉದ್ದ, ಬೇಸಿಗೆ ಇನ್ನೂ ಉದ್ದ. ಹೊರಗೆ ಹೋಗುವಂತಿಲ್ಲದೆ ಒಳಗೇ ಕೂತ ಗಂಡಸಿಗೆ ಒಂದು ದಿನ ತನ್ನ ಸ್ಟೀರಿಯೊದ ದನಿ ತಣ್ಣಗಿದೆ ಅನ್ನಿಸಿಬಿಡುತ್ತದೆ. ಹೊರಗೆ 46 ಡಿಗ್ರಿ ಸುಡುಬಿಸಿಲು, ಒಳಗೆ ದನಿ ತಣ್ಣಗೆ. ಈ ಕಾಯಿಲೆಗೆ ಮದ್ದು ವಾಲ್ವು.

ವಾಲ್ವು ಅಂದರೆ ಅಜ್ಜನ ಕಾಲದ ಮರ್ಫಿ ರೇಡಿಯೊದ ಬೆನ್ನು ಬಿಚ್ಚಿದರೆ ಕೆಂಪಗೆ ಕಾಣುತ್ತಿದ್ದ ಗಾಜಿನ ಬುರುಡೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಅದನ್ನು ಹುಟ್ಟಿಸಿದ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಒಳಗೆ ಇನ್ನೊಂದು ತಂತಿ ತೂರಿಸಿದ. ಸಣ್ಣ ದನಿ ದೊಡ್ಡದಾಗುವ ದಾರಿ ತೆರೆದದ್ದು ಆಗ. ಟ್ರಾನ್ಸಿಸ್ಟರು ಬಂದದ್ದೇ ತಡ, ಲೋಕ ನಿಟ್ಟುಸಿರು ಬಿಟ್ಟು ಬುರುಡೆಗಳನ್ನು ಗುಜರಿಗೆ ಹಾಕಿತು. ನಮ್ಮೂರ ಮೈಕ್‌ಸೆಟ್ಟಿನವನೂ ಹಾಕಿದ. ಅವನ ಅಹುಜಾ ಆಂಪ್ಲಿಫೈಯರಿನಲ್ಲಿ ಇಂಥವೇ ಬುರುಡೆಗಳಿದ್ದವು. ಜಾತ್ರೆ, ಕೋಲ, ಮದುವೆ, ಬಯಲಾಟ, ಎಲ್ಲಕ್ಕೂ ಅದೊಂದೇ ಪೆಟ್ಟಿಗೆ. ಬೆಳಗಿನ ತನಕ ಕೇಳಿದ ಪ್ರೇಕ್ಷಕರಲ್ಲಿ ಯಾರೊಬ್ಬನೂ ಎದ್ದು ನಿಂತು ‘ಆಹಾ, ಮಿಡ್‌ರೇಂಜ್ ಎಷ್ಟು ಬೆಚ್ಚಗಿದೆ’ ಅಂದದ್ದಿಲ್ಲ. ‘ಕೊಂಯ್ ಅನ್ನುತ್ತದೆ ಮಾರಾಯಾ, ಸ್ವಲ್ಪ ತಿರುಗಿಸು’ ಅಂದದ್ದುಂಟು.

ನನಗೆ ಇಬ್ಬರು ಅಕ್ಕಂದಿರು, ಹಾಗಾಗಿ ಭಾವಂದಿರೂ ಇಬ್ಬರು. ದೊಡ್ಡ ಭಾವ ಇದೇ ಮಿರ್ದಿಫ್‌ನವರು, ಸಣ್ಣ ಭಾವ ಅಬುಧಾಬಿಯ ಖಲೀಫಾ ಸಿಟಿಯವರು. ಇಬ್ಬರೂ ಸಜ್ಜನರು, ಇಬ್ಬರಿಗೂ ವಾಲ್ವು ಹಿಡಿದಿದೆ. ದೊಡ್ಡವರದು ಟೆಲಿಫುಂಕೆನ್ ಬ್ರ್ಯಾಂಡಿನ ಪಕ್ಷ, ಸಣ್ಣವರದು ಮುಲ್ಲಾರ್ಡ್ ಬ್ರ್ಯಾಂಡಿನ ಪಕ್ಷ. ಹಿಂದೆಲ್ಲ ಷಡ್ಡಕರ ನಡುವೆ ಮಾತು ನಿಲ್ಲಬೇಕಾದರೆ ತೋಟ, ಗದ್ದೆ, ಕಡೇಪಕ್ಷ ಮಾವನ ಮನೆಯ ಒಂದು ಕೋಣೆಯಾದರೂ ಬೇಕಿತ್ತು. ಇವರಿಬ್ಬರ ನಡುವೆ ದೀಪಾವಳಿಯ ದಿನ ಮಾತು ನಿಂತದ್ದು ಇಸಿಸಿ83 ಎಂಬ ಹೆಬ್ಬೆರಳು ಗಾತ್ರದ ಬುರುಡೆಯ ಮೇಲೆ.

ಬುರುಡೆ ಆರಿಸುವುದೆಂದರೆ ಹುಡುಗನಿಗೆ ಸಂಬಂಧ ನೋಡಿದ ಹಾಗೆ. ಮೊದಲು ಗೋತ್ರ. ಮುಲ್ಲಾರ್ಡ್ ಆದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದೇ ಆಗಬೇಕು. ಗಾಜಿನ ಬುಡದ ಹತ್ತಿರ ಮಂಕಾಗಿ ಕೊರೆದ ಒಂದು ಸಂಕೇತವಿರುತ್ತದೆ. ಅದರಲ್ಲಿ ‘ಬಿ’ ಇದ್ದರೆ ಬ್ಲ್ಯಾಕ್‌ಬರ್ನು, ಅದರ ಮುಂದಿನದು ಇಸವಿ, ತಿಂಗಳು, ವಾರ. ಹುಟ್ಟಿದ ಗಳಿಗೆ ಸಿಕ್ಕಿತು. ಟೆಲಿಫುಂಕೆನ್ ಆದರೆ ಬುಡದ ಕಡ್ಡಿಗಳ ನಡುವೆ ಗಾಜಿನಲ್ಲೇ ಅಚ್ಚಾದ ವಜ್ರದ ಗುರುತು ಬೇಕು. ಇಲ್ಲದಿದ್ದರೆ ಅದು ಮನೆತನವೇ ಅಲ್ಲ. ಆಮೇಲೆ ರೂಪ. ಒಳಗಿನ ತಗಡು ನುಣುಪೋ ಗೆರೆಯದೋ, ಉದ್ದವೋ ಗಿಡ್ಡವೋ, ನೆತ್ತಿಯ ಗೆಟರ್ ದುಂಡೋ ಚೌಕವೋ. ಗೆಟರ್ ಅಂದರೆ ಒಳಗೆ ಅಳಿದುಳಿದ ಗಾಳಿಯನ್ನು ಹೀರಿಕೊಳ್ಳಲೆಂದು ಬೇರಿಯಂ ಸುಡುವ ಪುಟ್ಟ ಬಳೆ. ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವುದು ಅದರದೇ ಲೇಪ. ಆ ಹೊಳಪು ಹೋಗಿ ಸುಣ್ಣದ ಬಿಳುಪು ಬಂತೆಂದರೆ ಒಳಗೆ ಗಾಳಿ ನುಗ್ಗಿದೆ, ಬುರುಡೆ ಸತ್ತಿದೆ. ಕಣ್ಣಿಂದ ನಿಜಕ್ಕೂ ನೋಡಬೇಕಾದ್ದು ಇದೊಂದನ್ನೇ. ಆದ್ದರಿಂದಲೇ ಇದರ ಬಗ್ಗೆ ಭಾವಂದಿರಲ್ಲಿ ಚರ್ಚೆಯಿಲ್ಲ.

ಕೊನೆಗೆ ಜಾತಕ. ಮ್ಯಾಚ್ಡ್ ಪೇರ್ ಎಂದು ಹೆಸರು. ಎರಡು ಬುರುಡೆಗಳನ್ನು ಟೆಸ್ಟರಿಗೆ ಹಾಕಿ ಅಂಕ ಬರೆದು ಡಬ್ಬಿಯ ಮೇಲೆ ಅಂಟಿಸಿ ಕೊಡುತ್ತಾರೆ. ಗುಣ ಕೂಡಿಬಂದರೆ ಬೆಲೆ ಒಂದರ ಎರಡರಷ್ಟಕ್ಕೆ ನಿಲ್ಲುವುದಿಲ್ಲ. ಸ್ಪೀಕರ್ ಓಡಿಸುವ ದೊಡ್ಡ ಬುರುಡೆಗಳಿಗೆ ಈ ಜೋಡಿ ಹೊಂದಿಸುವುದು ಬೇಕಾದದ್ದೇ, ಅದಕ್ಕೆ ಲೆಕ್ಕವಿದೆ. ಹೆಬ್ಬೆರಳು ಗಾತ್ರದವಕ್ಕೂ ಹಟ ಹಿಡಿದು ಜಾತಕ ಕೇಳುವವರು ನಮ್ಮವರು. ಕೂಡಾವಳಿ ನೋಡದೆ ಕೂಡಿಸಿ ನಾಳೆ ಎಡಗಡೆಯ ಸ್ಪೀಕರು ಮುನಿಸಿಕೊಂಡರೆ ಹೊಣೆ ಯಾರು?

ಇಷ್ಟು ಕುಲ ಶೋಧಿಸುವವರಿಗೆ ಗೊತ್ತಿದ್ದೂ ಬಾಯಿಬಿಡದ ಸಂಗತಿ ಒಂದಿದೆ. ಆ ಸುವರ್ಣಯುಗದಲ್ಲಿ ಕಂಪನಿಗಳೇ ಒಬ್ಬರ ಬುರುಡೆಗೆ ಇನ್ನೊಬ್ಬರ ಹೆಸರು ಅಚ್ಚುಹಾಕಿ ಮಾರುತ್ತಿದ್ದವು. ಅಮೆರಿಕದ ಫಿಶರ್ ಆಂಪ್ಲಿಫೈಯರಿನೊಳಗೆ ‘ಫಿಶರ್’ ಎಂದು ಬರೆದುಕೊಂಡ ಟೆಲಿಫುಂಕೆನ್‌ಗಳು ಹಾಯಾಗಿ ಬಾಳಿ ಹೋದವು. ಇನ್ನು ಇವತ್ತಿನ ಕಥೆ ಕೇಳಿ. ಅಂಗಡಿಯಲ್ಲಿ ಹೊಸದಾಗಿ ಸಿಗುವ ಮುಲ್ಲಾರ್ಡು ಇಂಗ್ಲೆಂಡನ್ನು ಕಂಡದ್ದೇ ಇಲ್ಲ. ಹೆಸರು ನ್ಯೂಯಾರ್ಕಿನ ನ್ಯೂ ಸೆನ್ಸರ್ ಕಂಪನಿಯದು, ಕಾರ್ಖಾನೆ ರಷ್ಯಾದಲ್ಲಿ, ವೋಲ್ಗಾ ದಂಡೆಯ ಸರಾತೊವ್‌ನಲ್ಲಿ. ಅದೇ ಸೂರಿನಡಿ ಟಂಗ್-ಸೋಲ್, ಜೆನಲೆಕ್ಸ್ ಗೋಲ್ಡ್ ಲಯನ್, ಎಲೆಕ್ಟ್ರೊ-ಹಾರ್ಮೊನಿಕ್ಸ್, ಸೋವ್‌ಟೆಕ್ ಎಲ್ಲವೂ ಹುಟ್ಟುತ್ತವೆ. ಒಳಗಿನ ತಗಡು ಅಲ್ಲಿ ಇಲ್ಲಿ ಬೇರೆಯಿದ್ದೀತು. ಹೊಟ್ಟೆ ಒಂದೇ, ಹೆಸರು ಐದು, ಬೆಲೆ ಹತ್ತು. ಟೆಲಿಫುಂಕೆನ್ ಹೆಸರಿನಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಕಂಪನಿಯೊಂದು ವ್ಯಾಪಾರ ಮಾಡುತ್ತಿದೆ. ಸ್ಲೊವಾಕಿಯಾದಲ್ಲಿ ಜೆಜೆ ಎಂಬ ಕಾರ್ಖಾನೆ ಇದೆ, ತನ್ನ ಹೆಸರನ್ನೇ ಹಾಕಿಕೊಂಡು, ಸಾಧಾರಣ ಬೆಲೆಗೆ, ಕೆಲಸ ಮಾಡುವ ಬುರುಡೆ ಮಾರುತ್ತದೆ. ಭಾವಂದಿರಿಬ್ಬರೂ ಅದನ್ನು ‘ಕಲಿಯುವವರಿಗೆ ಪರವಾಗಿಲ್ಲ’ ಎನ್ನುತ್ತಾರೆ. ಇವರು ಒಮ್ಮತಕ್ಕೆ ಬಂದ ವಿಷಯ ನನಗೆ ತಿಳಿದಂತೆ ಇದೊಂದೇ.

ಮಾರ್ಚ್ 2022ರಲ್ಲಿ, ಉಕ್ರೇನ್ ಯುದ್ಧ ಶುರುವಾದ ಬೆನ್ನಿಗೆ, ರಷ್ಯಾ ರಫ್ತು ನಿಷೇಧದ ಪಟ್ಟಿಯೊಂದನ್ನು ಹೊರಡಿಸಿತು. ಅದರಲ್ಲಿ ಸರಾತೊವ್‌ನ ಬುರುಡೆಯೂ ಸಿಕ್ಕಿಕೊಂಡಿತು. ನಗರಗಳ ಮೇಲೆ ಬಾಂಬು ಬೀಳುತ್ತಿದ್ದ ಆ ವಾರ ದೊಡ್ಡ ಭಾವ ನಿಜವಾಗಿ ಕಂಗಾಲಾಗಿದ್ದರು. ಟಿವಿ ಹಾಕಿಕೊಂಡು ನಡುರಾತ್ರಿ ಕೂತಿದ್ದರು. ಅಕ್ಕನಿಗೆ ಹೆಮ್ಮೆ, ಗಂಡನಿಗೆ ಲೋಕದ ಚಿಂತೆ ಬಂತಲ್ಲ ಎಂದು. ಚಿಂತೆ ಕೆಟಿ88 ಎಂಬ ಬುರುಡೆಯದ್ದಾಗಿತ್ತು. ವಾರ ಕಳೆಯುವುದರೊಳಗೆ ಎಂಟು ಡಬ್ಬಿ ಬಂದು ಸೂಟು-ಕೋಟಿನ ಕಪಾಟು ಸೇರಿದವು. ಶಾಂತಿ ಮಾತುಕತೆ ಮುರಿದುಬಿದ್ದ ಸುದ್ದಿಗೆ ‘ನಾನು ಆಗಲೇ ತೆಗೆದಿಟ್ಟದ್ದು ಒಳ್ಳೆಯದಾಯಿತು’ ಎಂದ ಮನುಷ್ಯನನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅವರ ಸಂಗೀತದ ಕೋಣೆಗೆ ಒಮ್ಮೆ ಬನ್ನಿ. ನೆಲ ಮಾರ್ಬಲ್ಲು, ಒಂದು ಗೋಡೆ ಪೂರ್ತಿ ಗಾಜು, ಮೂಲೆಯಲ್ಲಿ ಖಾಲಿ ಹಿತ್ತಾಳೆ ಕೊಡ. ಚಪ್ಪಾಳೆ ತಟ್ಟಿದರೆ ಎರಡು ಸಲ ಕೇಳಿಸುತ್ತದೆ. ನಡುವೆ ಪೀಠದ ಮೇಲೆ 300ಬಿ ಆಂಪ್ಲಿಫೈಯರು. ಈ 300ಬಿ ಬುರುಡೆಯನ್ನು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1930ರ ದಶಕದಲ್ಲಿ ಹೊರತಂದಿತು. ಇದನ್ನು ಹೊಸದಾಗಿಯೂ ಮಾಡುತ್ತಿದ್ದಾರೆ, ಜೋಡಿಯ ಬೆಲೆ ಸಾವಿರದೈನೂರು ಡಾಲರಿನ ಆಸುಪಾಸು, ಅಂದರೆ ಐದೂವರೆ ಸಾವಿರ ದಿರ್ಹಮ್, ಮೇಲೆ 5 ಪರ್ಸೆಂಟ್ ವ್ಯಾಟು. ಸಾಮಾನ್ಯ ಜೋಡಣೆಯಲ್ಲಿ ಒಂದೊಂದು ಬುರುಡೆ ಕೊಡುವುದು ಎಂಟು ವ್ಯಾಟು. ಬಾತ್‌ರೂಮಿನ ಎಲ್ಇಡಿ ದೀಪ ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಎರಡು ಕಡೆಯ ಹದಿನಾರು ವ್ಯಾಟಿಗಾಗಿ ಪೆಟ್ಟಿಗೆ ಗೋಡೆಯಿಂದ ಎಳೆಯುವುದು ನೂರೈವತ್ತಕ್ಕೂ ಮೇಲೆ. ಉಳಿದದ್ದೆಲ್ಲ ಶುದ್ಧ ಶಾಖ. ಆ ಶಾಖ ಹೊರಹಾಕಲು ಎಸಿ 18ಕ್ಕೆ ಇಳಿಯಬೇಕು. ಎಸಿ ಗೊರ್ರೋ ಎಂದರೆ ಬುರುಡೆಯ ಸೂಕ್ಷ್ಮ ಕೇಳುವುದಿಲ್ಲ. ಎಸಿ ನಿಲ್ಲಿಸಿದರೆ ಕೇಳುವವನು ಉಳಿಯುವುದಿಲ್ಲ. ಬೆಚ್ಚನೆಯ ದನಿಗಾಗಿ ಶಾಲು ಹೊದ್ದು ಕೂರುವ ಈ ವೈಭವ ಮರುಭೂಮಿಯಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು?

ಮಾತು ಮತ್ತೆ ಶುರುವಾದ ಮೇಲೆ ಒಂದು ಶುಕ್ರವಾರ ಸಂಜೆ ಸಣ್ಣ ಭಾವ ಅಬುಧಾಬಿಯಿಂದ ಮುಲ್ಲಾರ್ಡುಗಳನ್ನು ತಂದರು. ನೂರಕ್ಕೂ ಹೆಚ್ಚು ಕಿಲೋಮೀಟರು, ಇಲ್ಲಿಗೆ ಬಂದ ಮೇಲೆ ಸಾಲಿಕ್ ಎಂಬ ಟೋಲ್ ಗೇಟು. ದಾರಿಯುದ್ದಕ್ಕೂ ಡಬ್ಬಿ ಸಣ್ಣಕ್ಕನ ತೊಡೆಯ ಮೇಲೆ. ಮಗು ಹಿಂದಿನ ಸೀಟಿನಲ್ಲಿ. ಪರೀಕ್ಷೆ ಹೀಗೆ ನಡೆಯಿತು. ಮೊದಲು ಟೆಲಿಫುಂಕೆನ್ ಹಾಕಿ ಹೋಟೆಲ್ ಕ್ಯಾಲಿಫೋರ್ನಿಯಾ ಕೇಳಿಸಿದರು. ಆಮೇಲೆ ಪೆಟ್ಟಿಗೆ ಆರಿಸಿ, ಬುರುಡೆ ತಣಿಯಲೆಂದು ಕಾದರು. ಬಿಳಿ ಹತ್ತಿ ಕೈಗವಸು ಹಾಕಿಕೊಂಡು ಅದನ್ನು ಕಿತ್ತರು. ಕೈಗವಸು ಏಕೆಂದರೆ ಹಳೆಯ ಬುರುಡೆಯ ಹೆಸರಿನ ಅಚ್ಚು ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಹೆಸರು ಹೋದರೆ ದನಿಯೂ ಹೋದಂತೆ. ಮುಲ್ಲಾರ್ಡು ಕೂರಿಸಿ, ಅದು ಕಾಯಲಿ ಎಂದು ಅರ್ಧ ಗಂಟೆ ಗೋಳಿಬಜೆ ತಿಂದರು. ಆಮೇಲೆ ಮತ್ತೆ ಹೋಟೆಲ್ ಕ್ಯಾಲಿಫೋರ್ನಿಯಾ. ಒಂದು ದನಿಯ ನವಿರು ಮನುಷ್ಯನ ನೆನಪಿನಲ್ಲಿ ಕೆಲವು ಸೆಕೆಂಡು ಉಳಿದರೆ ಹೆಚ್ಚು. ಇವರು ಗೋಳಿಬಜೆಯ ಆಚೆ ದಡದಿಂದ ಈಚೆ ದಡಕ್ಕೆ ಅದನ್ನು ಹೊತ್ತು ತಂದಿದ್ದರು. ‘ನೋಡಿ, ಗಿಟಾರಿನ ಸುತ್ತ ಗಾಳಿಯಾಡುತ್ತಿದೆ’ ಎಂದರು ಸಣ್ಣ ಭಾವ. ‘ಗಾಳಿ ಜಾಸ್ತಿಯಾಯಿತು’ ಎಂದರು ದೊಡ್ಡ ಭಾವ. ಗಾಳಿ ಎಸಿಯದಾಗಿತ್ತು. ಅಡುಗೆಮನೆಯಲ್ಲಿದ್ದ ದೊಡ್ಡಕ್ಕನಿಗೂ ಫರಕು ಗೊತ್ತಾಯಿತು ಎಂದು ಇಬ್ಬರೂ ಸಾಕ್ಷಿಗೆ ಕರೆದರು. ಅಕ್ಕ ಕೇಳಿದ್ದು ಇಷ್ಟೇ: ‘ಒಂದೇ ಹಾಡನ್ನು ಯಾಕೆ ಎರಡು ಸಲ ಹಾಕಿದಿರಿ?’

ವಾಲ್ವಿನ ಕಾಲದಲ್ಲೇ ಹಾಡಿ ಹೋದ ಕಾಳಿಂಗರಾಯರ ಒಂದು ಹಾಡಾದರೂ ಆ ಕೋಣೆಯಲ್ಲಿ ಕೇಳಿದ್ದಿದ್ದರೆ ಹೇಳಿ. ‘ರೆಕಾರ್ಡಿಂಗ್ ಕ್ವಾಲಿಟಿ ಇಲ್ಲ’ ಎನ್ನುತ್ತಾರೆ.

ವಾಲ್ವಿಗೆ ತನ್ನದೇ ಒಂದು ದನಿಯಿದೆ ಎಂಬುದು ಸುಳ್ಳಲ್ಲ. ಅದು ದನಿಗೆ ಒಂದಿಷ್ಟು ಇಂಪಾದ ವಿಕಾರ ಸೇರಿಸುತ್ತದೆ, ಮುಖ್ಯವಾಗಿ ಎರಡನೆಯ ಹಾರ್ಮೋನಿಕ್ಕು; ಔಟ್‌ಪುಟ್ ಟ್ರಾನ್ಸ್‌ಫಾರ್ಮರು ತನ್ನ ಪಾಲು ಬೆರೆಸುತ್ತದೆ. ಅದು ಇಷ್ಟವಾದರೆ ತಪ್ಪೇನಿಲ್ಲ, ನನಗೂ ಇಷ್ಟವೇ. ಆದರೆ ಅದು ಬಹುಪಾಲು ಸರ್ಕಿಟ್ಟಿನ ಕೆಲಸ, ಬ್ಲ್ಯಾಕ್‌ಬರ್ನಿನ ಮಣ್ಣಿನ ಗುಣವಲ್ಲ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರು ಸ್ಟೀರಿಯೊಫೈಲ್ ಪತ್ರಿಕೆಯವರ ಸವಾಲು ಸ್ವೀಕರಿಸಿ, ಹೋಟೆಲ್ ಕೋಣೆಯಲ್ಲಿ ಕೂತು, ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ದುಬಾರಿ ವಾಲ್ವಿನದರಂತೆ ಎರಡೇ ದಿನದಲ್ಲಿ ತಿದ್ದಿ ಮುಂದಿಟ್ಟ. ಆ ಪತ್ರಿಕೆಯ ಪಳಗಿದ ಕಿವಿಗಳಿಗೆ ಫರಕು ಹೇಳಲಾಗಲಿಲ್ಲ. ಈ ಕಥೆ ಹೇಳಿದರೆ ದೊಡ್ಡ ಭಾವ ಕೇಳುವ ಪ್ರಶ್ನೆ: ‘ಆ ವಾಲ್ವು ಯಾವ ಬ್ರ್ಯಾಂಡು?’ ದೇರಾಕ್ಕೆ ಹೋಗಿ ಒಂದು ದಪ್ಪ ಜಮಖಾನೆ ತಂದು ಆ ಮಾರ್ಬಲ್ಲಿನ ಮೇಲೆ ಹಾಸಿದರೆ ಆಗುವ ಬದಲಾವಣೆ ಯಾವ ಬುರುಡೆಯಿಂದಲೂ ಆಗದು. ಜಮಖಾನೆಗೆ ಗೋತ್ರವಿಲ್ಲವಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್ 1961ರಿಂದ ರೇಡಿಯೊ ವಾಲ್ವು ತಯಾರಿಸಿತು, ಫಿಲಿಪ್ಸ್ ತಂತ್ರಜ್ಞಾನದಲ್ಲಿ. ಮುಲ್ಲಾರ್ಡು 1920ರ ದಶಕದಿಂದಲೇ ಅದೇ ಫಿಲಿಪ್ಸಿನ ಸ್ವತ್ತು. ಅಂದರೆ ಶಾಸ್ತ್ರಪ್ರಕಾರ ಬ್ಲ್ಯಾಕ್‌ಬರ್ನೂ ಜಾಲಹಳ್ಳಿಯೂ ಸಗೋತ್ರ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಧೂಳು ತಿನ್ನುತ್ತಿದ್ದ ಈ ಬುರುಡೆಗಳನ್ನು ಈಗ ಹೊರದೇಶದ ವ್ಯಾಪಾರಿಗಳು ಹಳೆಯ ಹೊಸ ಮಾಲು ಎಂದು ಮಾರುತ್ತಿದ್ದಾರೆ. (ಬಿಇಎಲ್ ಈಗ ಮತಯಂತ್ರ ಮಾಡುತ್ತದೆ, ಅದರ ದನಿಯ ಬಗ್ಗೆಯೂ ಜಗಳ ನಡೆದೇ ಇದೆ.) ಊರಿಂದ ಬರುವಾಗ ಇಂಥ ಒಂದು ಜೊತೆ ಇಸಿಸಿ83 ತಂದು ದೊಡ್ಡ ಭಾವನ ಕೈಲಿಟ್ಟೆ. ಗೆಟರು ಫಳಫಳ, ಟೆಸ್ಟರಿನಲ್ಲಿ ಅಂಕ ಅವರ ಟೆಲಿಫುಂಕೆನ್‌ಗಿಂತ ಮೇಲೆ. ತಿರುಗಿಸಿ ತಿರುಗಿಸಿ ನೋಡಿದರು. ‘ಮೇಡ್ ಇನ್ ಇಂಡಿಯಾ’ ಎಂಬಲ್ಲಿಗೆ ಕಣ್ಣು ಬಂದಾಗ ಮುಖ ಸಪ್ಪಗಾಯಿತು. ‘ಸ್ವಲ್ಪ ಕರ್ಕಶ ಇರಬಹುದು’ ಅಂದರು. ಇನ್ನೂ ಪೆಟ್ಟಿಗೆಗೆ ಹಾಕಿರಲಿಲ್ಲ.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಅಜ್ಜನ ರೇಡಿಯೊ ಇದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ. ಬೆನ್ನು ಬಿಚ್ಚಿ ಬುರುಡೆಗಳನ್ನು ಜೋಪಾನವಾಗಿ ಹೊರತೆಗೆಯಿರಿ, ಹತ್ತಿಯಲ್ಲಿ ಸುತ್ತಿ ದುಬೈಗೆ ಬರುವವರ ಕೈಯಲ್ಲಿ ಕಳಿಸಿ, ದಿರ್ಹಮಿನಲ್ಲಿ ಕೊಳ್ಳುವವರಿದ್ದಾರೆ. ಕಳಿಸುವ ಮೊದಲು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಊರಿನ ಹೆಸರು ಅಳಿಸಿಹೋಗುವಷ್ಟು. ಬೆಲೆ ಅಲ್ಲಿಗೇ ಎರಡರಷ್ಟಾಗುತ್ತದೆ.