ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಶ್ವಾನಶಾಸನಗಳು: ಒಂದು ಕಂಬಾಧಾರಿತ ಅಧ್ಯಯನ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನವನ್ನು ಗುರುತಿಸಿದರು. ಪಕ್ಕದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದರ ಪ್ರತಿಗಳು ಸಿಕ್ಕವು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದು ನೆಲವನ್ನೂ ಅಗೆಸಿದರು. ಇಷ್ಟೆಲ್ಲ ಆದರೂ ಊರೊಳಗಿನ ವಿದ್ಯುತ್ ಕಂಬದ ಬುಡದತ್ತ ಒಬ್ಬ ವಿದ್ವಾಂಸರೂ ಬಗ್ಗಿ ನೋಡಲಿಲ್ಲ. ಈ ಘೋರ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಬ್ರಹ್ಮಗಿರಿಯ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಗೆ ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ನಾಯಿ ಕಂಬಕ್ಕೆ ಕಾಲೆತ್ತಿ ಬರೆಯುವ ಶ್ವಾನಶಾಸನದಲ್ಲಿ ಇದು ತಿರುಗುಮುರುಗು. ಅಲ್ಲಿ ಪಠ್ಯವೇ ಇಲ್ಲ, ಬರೀ ಸಹಿ. ಆದರೆ ಆ ಸಹಿಯಲ್ಲೇ ಬರೆದದ್ದು ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ, ಇತ್ತ ಹಾದು ಎಷ್ಟು ಹೊತ್ತಾಯಿತು ಎಂಬ ವಿವರಗಳಿರುತ್ತವೆ. ಗಾತ್ರದ ವಿಷಯದಲ್ಲಿ ಮಾತ್ರ ಈ ಶಾಸನಗಳನ್ನು ಪೂರ್ತಿ ನಂಬುವಂತಿಲ್ಲ. ಸಣ್ಣ ನಾಯಿಗಳು ಸಹಿ ಎತ್ತರಕ್ಕೆ ಬೀಳುವಂತೆ ದೊಡ್ಡವಕ್ಕಿಂತ ಹೆಚ್ಚು ಓರೆಯಾಗಿ ಕಾಲೆತ್ತುತ್ತವೆಂದು 2018ರ ಅಧ್ಯಯನವೊಂದು ಅಳೆದು ತೋರಿಸಿದೆ. ನಾಲ್ಕು ಹಳ್ಳಿಯ ಪಾಳೆಯಗಾರ ನಲವತ್ತು ಬಿರುದು ಕೆತ್ತಿಸಿಕೊಂಡ ಹಾಗೆ. ಸಹಿಯಾದ ಮೇಲೆ ಹಿಂಗಾಲಿನಿಂದ ನೆಲ ಕೆರೆಯುವುದು ಮುಚ್ಚಿಹಾಕಲಿಕ್ಕಲ್ಲ; ಪಾದದ ಗ್ರಂಥಿಗಳ ವಾಸನೆಯನ್ನೂ ಸೇರಿಸಿ ಮೊಹರು ಒತ್ತಲಿಕ್ಕೆ.

ಸಂಜೆ ಸರಪಳಿ ಹಿಡಿದು ಹೊರಡುವ ಯಜಮಾನರು ಈ ಓದಿನ ಮಹಾಶತ್ರುಗಳು. ನಾಯಿ ಕಂಬಕ್ಕೆ ಮೂಗು ಇಟ್ಟಿತೋ ಇಲ್ಲವೋ, "ಬಾರೋ ಕರಿಯ" ಎಂದು ಎಳೆಯುತ್ತಾರೆ. ರೈಸ್ ಸಾಹೇಬರು ಮೊದಲ ಸಾಲು ಓದುವಾಗಲೇ ಯಾರಾದರೂ ಕೋಟು ಹಿಡಿದು ಜಗ್ಗಿದ್ದರೆ ನಾಡಿನ ಇತಿಹಾಸದ ಗತಿ ಏನಾಗಬೇಕಿತ್ತು? ಕಂಬಕ್ಕೊಂದು ನಿಮಿಷ ಕೊಟ್ಟರೆ ನಾಯಿಯ ಮನಸ್ಸಿಗೂ ವ್ಯಾಯಾಮವಾಗುತ್ತದೆ, ಮನೆಗೆ ಬಂದು ಚಪ್ಪಲಿ ಕಡಿಯುವ ಉತ್ಸಾಹವೂ ತಗ್ಗುತ್ತದೆ.

ಇನ್ನು ಕಲ್ಲಿನ ಪ್ರಶ್ನೆ. ಬಂಡೆಗಳೇ ತುಂಬಿದ ಈ ಸೀಮೆಯಲ್ಲಿ ಕಲ್ಲಿಗೆ ಎರಡು ಉಪಯೋಗ ದಾಖಲಾಗಿವೆ. ಜೀವಿಗಳ ಮೇಲೆ ದಯೆ ಇರಲಿ ಎಂದು ಅಶೋಕ ಅದರ ಮೇಲೆ ಬರೆಸಿದ. ಮಿಕ್ಕವರು ಅದನ್ನು ನಾಯಿಗೆ ಎಸೆದರು. ಎರಡನೆಯದು ಬೀದಿನಾಯಿಗಳಿಗೆ ಬಾಯಿಪಾಠ. ಬಸ್ ನಿಲ್ದಾಣದಲ್ಲಿ ಯಾರೋ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದರೂ ಸಾಕು, ಅಲ್ಲಿದ್ದ ನಾಯಿ ಬಾಲ ಮಡಚಿ ಹತ್ತು ಮಾರು ದೂರ ಹೋಗಿ ನಿಂತು ಅಲ್ಲಿಂದ ಬೊಗಳುತ್ತದೆ. ಅಂಥ ನಾಯಿಯ ಎದುರು ಓಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈ ಇಳಿಬಿಟ್ಟು ಸುಮ್ಮನೆ ನಿಂತರೆ ಅದರ ಆಸಕ್ತಿ ತಾನಾಗಿ ಇಳಿಯುತ್ತದೆ. ಬಾಲ ಆಡಿತೆಂದು ತಲೆ ಸವರಲು ಹೋಗುವುದೂ ಅವಸರವೇ. ಬಾಲ ಮೇಲೆತ್ತಿ, ಬಿಗಿಹಿಡಿದು, ಚಿಕ್ಕದಾಗಿ ಕಂಪಿಸುತ್ತಿದ್ದರೆ ಅದು ಸ್ವಾಗತವಲ್ಲ, ನೋಟಿಸು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಾಯಿಗಳು ಓದಿದ ಪುರಾವೆ ಸಿಕ್ಕಿಲ್ಲ.

ಒಂದು ಪ್ಯಾರಾ ಮಾತ್ರ ನಗು ಬಿಟ್ಟು ಓದಬೇಕು. ಕಚ್ಚಿದರೆ ಗಾಯಕ್ಕೆ ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಸಾಕಿದ ಮರಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಗಡುವಿಗೆ ತಪ್ಪದೆ.

ಆಹಾರಾಧ್ಯಾಯಕ್ಕೆ ಬಂದರೆ, ಮಂಡಕ್ಕಿ ಒಗ್ಗರಣೆ ತಿನ್ನುವವರ ಎದುರು ಕೂತು ತುತ್ತೆಣಿಸುವ ನಾಯಿಯ ಏಕಾಗ್ರತೆ ಯೋಗಿಗಳಿಗೂ ದುರ್ಲಭ. ಆದರೂ ಕೊಡುವಂತಿಲ್ಲ: ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಗೆ ಇನ್ನೊಂದು ವಿಶೇಷ ಎಚ್ಚರಿಕೆ ಇದೆ. ಬೂಸ್ಟು ಹಿಡಿದ ಶೇಂಗಾದಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತಿಗೆ ವಿಷ. ಎಮ್ಮೆಗೆ ತಂದ ಹಿಂಡಿಯ ಚೀಲ ನಾಯಿಯ ಬಾಯಿಗೆ ಎಟುಕದಂತೆ ಇರಬೇಕು. ಬೇಸಿಗೆಯಲ್ಲಿ ನೀರಿನ ಬೋಗುಣಿ ನೆರಳಲ್ಲಿರಲಿ. ಮೈಗೆಲ್ಲ ಬೆವರುವ ಸೌಲಭ್ಯ ನಾಯಿಗಿಲ್ಲ, ಬೆವರುವುದು ಅಂಗಾಲಷ್ಟೇ. ಉಳಿದ ಕಾವನ್ನು ನಾಲಿಗೆ ಚಾಚಿ ಏದುಸಿರಿನಲ್ಲೇ ಕಳೆಯಬೇಕು. ಟೀ ಅಂಗಡಿಯ ಹಂಡೆ ಸೋರುವ ಜಾಗದಲ್ಲಿ ಗುಂಡಿ ತೋಡಿ ಮಲಗಿದ ನಾಯಿ ಶುದ್ಧ ಭೌತಶಾಸ್ತ್ರ ಮಾಡುತ್ತಿದೆ, ಅದೂ ಇದೇ ಸೀಮೆಯ ಕುದಾಪುರದ ವಿಜ್ಞಾನ ಸಂಸ್ಥೆಗಳಿಂದ ನಯಾಪೈಸೆ ಅನುದಾನ ಪಡೆಯದೆ.

ಕಡೆಯದಾಗಿ, ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಹೊತ್ತಿಲ್ಲ ಎಂಬ ಗಾದೆ ಕುರಿಹಟ್ಟಿಗಳಲ್ಲಿ ನಿಲ್ಲುವುದಿಲ್ಲ. ಕುರಿಮರಿಗಳ ಜೊತೆಯಲ್ಲೇ ಬೆಳೆದ ನಾಯಿ ಹಿಂಡನ್ನೇ ತನ್ನ ಬಳಗವೆಂದು ತಿಳಿದು, ತೋಳ ಬಾರದಂತೆ ಇರುಳೆಲ್ಲ ರೊಪ್ಪದ ಸುತ್ತ ತಿರುಗುತ್ತದೆ. ಹಗಲು ಜಾಲಿಮರದಡಿ ಕಾಲು ಚಾಚಿ ಬಿದ್ದ ಅದನ್ನು ಕಂಡು, ಪೇಟೆಯಿಂದ ಬಂದ ಪಂಡಿತರೊಬ್ಬರು "ಶುದ್ಧ ಸೋಮಾರಿ" ಎಂದು ಟಿಪ್ಪಣಿ ಬರೆದುಕೊಳ್ಳುತ್ತ ಬೂಟಿನ ತುದಿ ಚಾಚಿದರಂತೆ. ಕಂಬಳಿ ಹೊದ್ದು ಕೂತಿದ್ದ ಕುರಿಗಾಹಿ ಅಂದನಂತೆ: "ಅದು ರಾತ್ರಿ ಪಾಳಿದು ಸ್ವಾಮಿ, ಎಬ್ಬಿಸಬ್ಯಾಡ್ರಿ."