ತುರ್ಕಿಯಾತ್ರಾ ದೀಪಿಕೆ: ದೇಶನೂರು ಪಾಠ

ಸಿರುಗುಪ್ಪ ತಾಲೂಕಿನ ದೇಶನೂರಿನಿಂದ ತುರ್ಕಿ ದೇಶಕ್ಕೆ ಹೋಗುವವರಿಗಾಗಿ ಈವರೆಗೆ ಒಂದೂ ಶಾಸ್ತ್ರಗ್ರಂಥ ಇಲ್ಲದಿರುವುದು ಕನ್ನಡ ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಹೋಗುವವರೇ ಇಲ್ಲವಲ್ಲ ಎಂಬುದು ಪೂರ್ವಪಕ್ಷ. ಗ್ರಂಥ ಇಲ್ಲದ್ದರಿಂದ ಯಾರೂ ಹೋಗಲಿಲ್ಲ, ಯಾರೂ ಹೋಗದ್ದರಿಂದ ಗ್ರಂಥ ಹುಟ್ಟಲಿಲ್ಲ. ಈ ಅನ್ಯೋನ್ಯಾಶ್ರಯ ದೋಷದ ನಿವಾರಣೆಯೇ ಪ್ರಕೃತ ಪ್ರಬಂಧದ ಪ್ರಯೋಜನ. ಊರಿನ ಅರ್ಧ ಹೆಗಲುಗಳ ಮೇಲೆ ‘ಟರ್ಕಿ ಟವೆಲ್’ ಕೂತಿರುವಾಗ ಆ ದೇಶಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರ ಜೊತೆ ವಾದ ಮಾಡುವುದಿಲ್ಲ.

ಪೂರ್ವಸೂರಿಗಳನ್ನು ಮೊದಲು ಸ್ಮರಿಸಬೇಕು. 1786ರಲ್ಲಿ ಟಿಪ್ಪು ಸುಲ್ತಾನ ಉತ್ತರ ಕನ್ನಡದ ತದಡಿ ಬಂದರಿನಿಂದ ಇಸ್ತಾಂಬುಲ್ಲಿಗೆ ನಿಯೋಗ ಕಳಿಸಿದ. ನಾಲ್ಕು ಹಡಗು, ಸುಮಾರು 900 ಜನ, ಗಂಧ, ಮೆಣಸು, ಮೇಲೆ ನಾಲ್ಕು ಆನೆ. ಇಸ್ತಾಂಬುಲ್ ಮುಟ್ಟುವಷ್ಟರಲ್ಲಿ 1787 ಬಂದಿತ್ತು. ಆನೆಗಳು ದಾರಿಯಲ್ಲೇ ತೀರಿಕೊಂಡವು, ಒಂದು ಹಡಗಿಗೆ ಬೆಂಕಿ ಬಿತ್ತು, ಪ್ಲೇಗು ಬಹಳ ಮಂದಿಯನ್ನು ನುಂಗಿತು. ತುರ್ಕರಿಗೆ ಆಗ ರಷ್ಯದ ಜೊತೆ ಯುದ್ಧ, ಅತಿಥಿಗಳ ಮಾತು ಕೇಳಲು ಪುರುಸೊತ್ತಿರಲಿಲ್ಲ. ಇದರಿಂದ ಸಿದ್ಧವಾಗುವ ಪ್ರಥಮ ಸೂತ್ರ: ಸಾಮಾನು ಕಡಿಮೆ ಇರಲಿ, ಆನೆ ಸರ್ವಥಾ ವರ್ಜ್ಯ. ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿಗೆ ಶಾಸ್ತ್ರದ ಅಡ್ಡಿಯಿಲ್ಲ.

ವೀಸಾ ಪ್ರಕರಣ ಚಿಕ್ಕದು. ಅಮೆರಿಕ, ಬ್ರಿಟನ್ ಅಥವಾ ಷೆಂಗೆನ್ ದೇಶಗಳ ವೀಸಾ ಮೊದಲೇ ಕೈಯಲ್ಲಿದ್ದ ಭಾರತೀಯರಿಗೆ ತುರ್ಕಿಯ ಇ-ವೀಸಾ ಸಲೀಸು. ಒಂದು ಕಾಗದ ಪಡೆಯಲು ಇನ್ನೊಂದು ಕಾಗದ ಬೇಕೆಂಬ ತತ್ವ ನಾಡಕಚೇರಿಯ ಮೆಟ್ಟಿಲು ಹತ್ತಿದವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಅನ್ನಮೀಮಾಂಸೆ. ತುಂಗಭದ್ರೆಯ ಕಾಲುವೆ ನೀರಲ್ಲಿ ಸೋನಾ ಮಸೂರಿ ಬೆಳೆದು, ಸಿರುಗುಪ್ಪದ ಮಿಲ್ಲುಗಳ ತೌಡಿನ ಧೂಳು ಕುಡಿದು ಬೆಳೆದ ಜೀವಕ್ಕೆ ಅಲ್ಲಿ ಮೊದಲು ಒಂದು ಬುಟ್ಟಿ ಬ್ರೆಡ್ಡು ಬರುತ್ತದೆ. ಅದು ಬಿಟ್ಟಿ, ಖಾಲಿಯಾದಂತೆ ಮತ್ತೆ ತುಂಬುತ್ತಾರೆ. ‘ಪಿಲಾವ್’ ಎಂಬ ಬೆಣ್ಣೆ ಅನ್ನ ಬರುವುದು ಪಕ್ಕದ ಖಾದ್ಯವಾಗಿ, ಬಟ್ಟಲು ಬೋರಲು ಹಾಕಿದಷ್ಟು. ದೇಶನೂರಿನ ಹಿರಿಯರು ಅದನ್ನು ಎರಡು ತುತ್ತಿಗೆ ಮುಗಿಸಿ, “ರುಚಿ ನೋಡಾಕ ಕೊಟ್ಟಿದ್ದು ಆತು, ಊಟ ಯಾವಾಗ ಬರ್ತೈತಪ್ಪಾ?” ಎಂದರೆ ಮಾಣಿ ಸಿಟ್ಟಾಗಬಾರದು. ಶಾಕಾಹಾರಿಗಳಿಗೆ ‘ಮರ್ಜಿಮೆಕ್ ಚೋರ್ಬಾ’ ಗತಿ. ಚನ್ನಂಗಿ ಬೇಳೆಯ ಗಟ್ಟಿ ಕಟ್ಟಿಗೆ ನಿಂಬೆಹಣ್ಣು ಹಿಂಡಿಕೊಳ್ಳುವುದು. ಕೆಲವು ಕಡೆ ಮಾಂಸ ಬೇಯಿಸಿದ ನೀರಲ್ಲಿ ಮಾಡುತ್ತಾರೆ, ಕೇಳಿಯೇ ಚಮಚ ಹಾಕಿ. ‘ಐರಾನ್’ ಎಂಬುದು ಉಪ್ಪು ಹಾಕಿದ ಮಜ್ಜಿಗೆ. ಅದರ ಬಗ್ಗೆ ಯಾವ ಸಂಪ್ರದಾಯದಲ್ಲೂ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಏಳುವುದು ಸಕ್ಕರೆಯಲ್ಲಿ. ದೇಶನೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ನುರಿಸುವ ಹಂಗಾಮಿನಲ್ಲಿ ಟ್ರಾಲಿ ತುಂಬಿದ ಕಬ್ಬು ರಸ್ತೆಯಗಲಕ್ಕೂ ಜೋತಾಡುತ್ತಾ ಹೋಗುತ್ತದೆ, ಹಿಂದಿನಿಂದ ಒಂದು ಗಣಿಕೆ ಎಳೆದುಕೊಳ್ಳುವುದು ಹುಡುಗರ ಜನ್ಮಸಿದ್ಧ ಹಕ್ಕು. ಇಂಥ ಊರಿನವನಿಗೆ ತುರ್ಕಿಯಲ್ಲಿ ಚಹದ ಜೊತೆ ಎರಡು ಸಕ್ಕರೆ ಗಟ್ಟಿ ಕೊಡುತ್ತಾರೆ. ಅದು ಕಬ್ಬಿನದಲ್ಲ! ನೆಲದೊಳಗೆ ಬೆಳೆಯುವ ಬೀಟ್ ಗಡ್ಡೆಯದು. 1926ರಲ್ಲಿ ಅಲ್ಪುಲ್ಲುವಿನಲ್ಲಿ, ಅದೇ ವರ್ಷ ಉಷಾಕಿನಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಅವರು ಗಡ್ಡೆಯನ್ನೇ ನಂಬಿದ್ದಾರೆ. ಗಡ್ಡೆಯಿಂದ ಬಂದದ್ದನ್ನು ಸಕ್ಕರೆ ಎನ್ನಬಹುದೇ? ರಸಾಯನಶಾಸ್ತ್ರಜ್ಞರು ಎರಡೂ ಒಂದೇ ಸುಕ್ರೋಸ್ ಎನ್ನುತ್ತಾರೆ. ಅವರು ಟ್ರಾಲಿಯಿಂದ ಕಬ್ಬು ಎಳೆದವರಲ್ಲವಾದ್ದರಿಂದ ಅವರ ಮತ ಇಲ್ಲಿ ಅಗ್ರಾಹ್ಯ.

ಚಹ ಮಾತ್ರ ಒಪ್ಪುವಂಥದ್ದು. ಸೊಂಟ ಸಣ್ಣಗಿರುವ ಗಾಜಿನ ಲೋಟ, ಹಿಡಿಯಿಲ್ಲ, ಹಾಲಿಲ್ಲ, ಅಂಚನ್ನೇ ಹಿಡಿಯಬೇಕು. ಒಂದರ ಮೇಲೊಂದು ಕೂರಿಸಿದ ಎರಡು ಕೆಟಲು, ಮೇಲಿನದರಲ್ಲಿ ಕಡು ಡಿಕಾಕ್ಷನ್, ಕೆಳಗೆ ಕುದಿನೀರು. ಎರ್ಜುರುಮ್ ಕಡೆಯವರು ಸಕ್ಕರೆಯನ್ನು ಲೋಟಕ್ಕೆ ಹಾಕದೆ ಹಲ್ಲಲ್ಲಿ ಕಚ್ಚಿಕೊಂಡು ಚಹ ಹೀರುತ್ತಾರೆ. ಬೆಲ್ಲ ಕಚ್ಚಿ ನೀರು ಕುಡಿಯುವ ಮನೆತನದವರಿಗೆ ಇದಕ್ಕೆ ತರಬೇತಿ ಬೇಡ. ಲೋಟ ಖಾಲಿಯಾದರೆ ಮತ್ತೆ ತುಂಬುತ್ತಾರೆ. ಸಾಕೆನಿಸಿದರೆ ಚಮಚವನ್ನು ಲೋಟದ ಮೇಲೆ ಅಡ್ಡ ಇಡಬೇಕು. ಇದನ್ನರಿಯದೆ ಮರ್ಯಾದೆಗೆಂದು ಕುಡಿಯುತ್ತಲೇ ಹೋದವನಿಗೆ ರಾತ್ರಿ ನಿದ್ದೆಯಿಲ್ಲ. ‘ಬೈ ಟು’ ಕೇಳುವ ಪ್ರಯೋಗ ಸದ್ಯಕ್ಕೆ ಬೇಡ.

ಸಂಜ್ಞಾಧ್ಯಾಯ: ತುರ್ಕರು ಹುಬ್ಬೇರಿಸಿ, ತಲೆ ತುಸು ಹಿಂದೆ ಚೆಲ್ಲಿ ‘ಚ್’ ಎಂದರೆ ಇಲ್ಲ ಎಂದರ್ಥ. ಸಿರುಗುಪ್ಪ ಸಂತೆಯಲ್ಲಿ ರೇಟು ಇಳಿಸದ ಬದನೆಕಾಯಿ ವ್ಯಾಪಾರಿಯ ‘ಚ್’ ಕೂಡ ಇದೇ ಗೋತ್ರದ್ದು. ಆದರೆ ನಮ್ಮ ಅಡ್ಡಡ್ಡ ತಲೆಯಾಟಕ್ಕೆ ಅಲ್ಲಿ ವ್ಯಾಖ್ಯಾನಕಾರರಿಲ್ಲ. ಹೂಂ ಅಂದರೂ ಅವರು ಅರ್ಥವಾಗಲಿಲ್ಲವೇನೋ ಎಂದುಕೊಂಡು ಮೊದಲಿನಿಂದ ಹೇಳುತ್ತಾರೆ.

ಕೊನೆಯದು, ಅತ್ಯಂತ ಗಂಭೀರವಾದದ್ದು, ಬಸ್ಸಿನ ತೀರ್ಥಪ್ರಸಂಗ. ಊರೂರಿನ ನಡುವಿನ ಬಸ್ಸುಗಳಲ್ಲಿ ಒಬ್ಬ ಸಹಾಯಕ ಸೀಟಿನಿಂದ ಸೀಟಿಗೆ ಬಂದು ಬೊಗಸೆಗೆ ನಿಂಬೆ ವಾಸನೆಯ ನೀರು ಸುರಿಯುತ್ತಾನೆ. ಮಂತ್ರಾಲಯಕ್ಕೆ ಹೋಗಿಬಂದು ಅಭ್ಯಾಸವಿರುವ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ತಡೆಯಬೇಕು. ಅದು ‘ಕೊಲೋನ್ಯಾ’, ಕೈಗೆ, ಕತ್ತಿಗೆ ಹಚ್ಚಿಕೊಳ್ಳುವ ಅತ್ತರು, ಬಹುಪಾಲು ಆಲ್ಕೋಹಾಲು. ಅದನ್ನು ತಲೆಗೆ ಸವರಿಕೊಂಡರೆ ದೋಷವಿಲ್ಲ. ಗುಟುಕರಿಸಿದವರಿಗೆ ಪ್ರಾಯಶ್ಚಿತ್ತವಾಗಿ ಮುಂದಿನ ನಿಲ್ದಾಣದಲ್ಲಿ ಐರಾನ್ ವಿಹಿತ, ಎರಡು ಲೋಟ.